ಹಿಡಿ ಕಿತ್ತ ಕಾವಲಿ

"ಬುದ್ಧಿ, ಇನ್ನೇನನ್ನು ಬಿಟ್ಟರೆ ನಾನು ಪೂರ್ತಿ ಹಗುರಾಗುತ್ತೇನೆ?" ಎಂದು ನಿಜಗುಣ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಆಗ ತಾನೇ ಇಬ್ಬರು ಸೈಕಲ್ ಪ್ರಯಾಣಿಕರು ಅಲ್ಲಿ ನೀರು ಕುಡಿದು ಹೋಗಿದ್ದರು. ಅವರಲ್ಲೊಬ್ಬ ತನ್ನ ಚೀಲದಿಂದ ಒಂದು ಕಾವಲಿ ತೆಗೆದು ತೋರಿಸಿದ್ದ. ದಾರಿಯಲ್ಲಿ ದೋಸೆ ಹುಯ್ದುಕೊಳ್ಳಲು ತಂದದ್ದು. ನಿಜಗುಣ ಅದನ್ನು ಕೈಯಲ್ಲಿ ಹಿಡಿದು ನೋಡಿದ್ದ. ಕೈಯಲ್ಲಿ ಏನೋ ಇದೆ ಅನ್ನಿಸುವಷ್ಟೂ ಭಾರವಿರಲಿಲ್ಲ. ಆಗಿನಿಂದ, ಅಂದರೆ ಅರ್ಧ ಗಂಟೆಯಿಂದ, ಅವನ ತಲೆಯಲ್ಲಿ ಅದೇ ಕೂತಿತ್ತು.

"ಈಗಾಗಲೇ ಏನೇನು ಬಿಟ್ಟಿದ್ದೀಯ?" ಎಂದರು ಗುರುಗಳು.

"ಅಡುಗೆಮನೆಯ ಪಾಳಿ ಬಿಟ್ಟೆ. ನೀರು ಸೇದುವುದನ್ನು ಬಿಟ್ಟೆ. ಹೋದ ತಿಂಗಳಿಂದ ಕೊಟ್ಟಿಗೆಯ ಕಡೆಗೂ ಹೋಗಿಲ್ಲ. ಧ್ಯಾನಕ್ಕೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ತಾವು ಒಪ್ಪಿದರೆ ಬರುವ ಸೋಮವಾರ ದೀಕ್ಷೆ ತೆಗೆದುಕೊಳ್ಳುತ್ತೇನೆ."

ಒಪ್ಪಿಗೆ ಸಿಕ್ಕೇ ಸಿಗುತ್ತದೆಂದು ಅವನು ನಂಬಿದ್ದ. ಮೂರು ವರ್ಷದಿಂದ ಅವನು ಕಾದದ್ದು ಆ ಒಂದು ಮಾತಿಗೆ. ಮುನ್ನೂರು ಮಂದಿ ಉಣ್ಣುವ ಮಠ ಅದು. ಒಳಗೆ ರೊಟ್ಟಿ ತಟ್ಟುವ ಸದ್ದು ಬೆಳಗಿನಿಂದ ನಿಂತಿರಲಿಲ್ಲ. ಗುರುಗಳು ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿಸಿಕೊಂಡರು.

"ಕೂತುಕೋ. ಒಂದು ಕಾವಲಿಯ ಕತೆ ಹೇಳುತ್ತೇನೆ" ಎಂದರು.

ಒಬ್ಬ ಅಕ್ಕಸಾಲಿಗನಿದ್ದ. ಅವನಿಗೊಬ್ಬ ಗೆಳೆಯ, ಬಡಗಿ. ಇಬ್ಬರಿಗೂ ಸೈಕಲ್ ಹುಚ್ಚು. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ, ಸೈಕಲ್ಲಿಗೆ ಚೀಲ ಕಟ್ಟಿ, ವಾರಗಟ್ಟಲೆ ತಿರುಗಿ ಬರುತ್ತಿದ್ದರು. ಎಲ್ಲಿ ಸಾಕೆನಿಸಿತೋ ಅಲ್ಲಿ ಇಳಿದು, ಬೇಯಿಸಿ ಉಂಡು ಮಲಗುವುದು. ಅಂಥ ಒಂದು ವರ್ಷ ಅಕ್ಕಸಾಲಿಗ, "ಈ ಸಲ ಅಡುಗೆ ನಂದು. ಕಾವಲಿ ನಾನು ತರ್ತೀನಿ" ಎಂದ. ಬಡಗಿ, "ಮಿಕ್ಕಿದ್ದು ನಾನು ನೋಡ್ಕೋತೀನಿ ಬಿಡು" ಎಂದ.

ಗುಲಗಂಜಿ ತೂಕ ಹೆಚ್ಚುಕಡಿಮೆಯಾದರೆ ನಿದ್ದೆಗೆಡುವ ಮನುಷ್ಯ ಕಾವಲಿ ಆರಿಸಲು ಹೊರಟರೆ ಹೇಗಿರುತ್ತದೆ ನೀನೇ ಯೋಚಿಸು. ಪಾತ್ರೆ ಅಂಗಡಿಯಿಂದ ಏಳು ಕಾವಲಿ ತಂದು ಬೆಳ್ಳಿ ತೂಗುವ ತಕ್ಕಡಿಯಲ್ಲಿಟ್ಟ. ಕಬ್ಬಿಣದ್ದನ್ನು ಎತ್ತಿ ನೋಡಿ ಮುಖ ಸಿಂಡರಿಸಿದ. ಅಲ್ಯೂಮಿನಿಯಮ್ಮಿನವುಗಳಲ್ಲಿ ತೀರ ತೆಳುವಾದದ್ದನ್ನು ಉಳಿಸಿಕೊಂಡ. ಅಷ್ಟಕ್ಕೂ ಸಮಾಧಾನವಾಗದೆ, ಸ್ಕ್ರೂ ಬಿಚ್ಚಿ ಅದರ ಮರದ ಹಿಡಿಯನ್ನು ಕಿತ್ತು ಕಸದ ಬುಟ್ಟಿಗೆ ಎಸೆದ. ಮತ್ತೆ ತೂಗಿದ. ಮುಖ ಅರಳಿತು.

ಬಡಗಿ ಪಕ್ಕದಲ್ಲೇ ನಿಂತಿದ್ದ. "ಬಿಸಿಯಾದ್ಮೇಲೆ ಹೆಂಗೆ ಹಿಡೀತೀಯ?" ಎಂದು ಕೇಳಿದ.

"ನಿನ್ನ ಇಕ್ಕಳ ಇರತ್ತಲ್ಲ" ಎಂದ ಅಕ್ಕಸಾಲಿಗ.

ಬಡಗಿ ಇಕ್ಕಳವನ್ನು ತನ್ನ ಚೀಲಕ್ಕೆ ಹಾಕಿಕೊಂಡ.

ಮೊದಲ ದಿನ ದೋಸೆ ನಡುವೆ ಸೀದು ಅಂಚಿನಲ್ಲಿ ಹಸಿಯಾಗೇ ಉಳಿಯಿತು. ತೆಳು ಕಾವಲಿಯ ಹಣೆಬರಹವೇ ಅದು. ಪುಟ್ಟ ಗ್ಯಾಸ್ ಒಲೆಯ ಉರಿ ಎಲ್ಲಿ ತಗಲುತ್ತದೋ ಅಲ್ಲಷ್ಟೇ ಕಾಯುತ್ತದೆ. ದಾರಿಯಲ್ಲಿ ಸಿಕ್ಕ ಕಮ್ಮಾರನ ಹತ್ತಿರ ಒಂದು ದಪ್ಪ ಕಬ್ಬಿಣದ ಬಿಲ್ಲೆ ತೆಗೆದುಕೊಂಡರು. ಅದನ್ನು ಒಲೆಗೂ ಕಾವಲಿಗೂ ನಡುವೆ ಇಟ್ಟರೆ ಶಾಖ ಹರಡುತ್ತದೆ. ಬಿಲ್ಲೆ ಬಡಗಿಯ ಚೀಲಕ್ಕೆ ಹೋಯಿತು. ಬಿಲ್ಲೆ ಕಾಯಲು ಗ್ಯಾಸು ಹೆಚ್ಚು ಬೇಕಾಯಿತು. ಇನ್ನೆರಡು ಡಬ್ಬಿ ಗ್ಯಾಸು, ಅವೂ ಬಡಗಿಯ ಚೀಲಕ್ಕೆ. ಆದರೂ ದೋಸೆ ತಳ ಹಿಡಿಯುತ್ತಿತ್ತು, ಎಣ್ಣೆ ಧಾರಾಳವಾಗಿ ಹುಯ್ಯಬೇಕಿತ್ತು. ಎಣ್ಣೆಯ ಬಾಟಲಿ ಎಲ್ಲಿಗೆ ಹೋಯಿತೆಂದು ನಾನು ಹೇಳಬೇಕಾಗಿಲ್ಲ.

ಅಕ್ಕಸಾಲಿಗನಿಗೆ ಇದಾವುದೂ ಕಾಣಲಿಲ್ಲ. ಕೆಟ್ಟವನೇನಲ್ಲ ಅವನು. ಬೆಳಗಾದರೆ ತನ್ನ ಚೀಲವನ್ನು ಕಿರುಬೆರಳಲ್ಲಿ ಎತ್ತಿ, "ನೋಡು, ಹೀಗಿರಬೇಕು" ಎನ್ನುತ್ತಿದ್ದ. ಬಡಗಿ ನಕ್ಕು ತನ್ನ ಚೀಲ ಕಟ್ಟುತ್ತಿದ್ದ.

ಮೂರನೆಯ ದಿನ ಕಾಡು ಬಂತು. ಆನೆಗಳು ರಸ್ತೆ ದಾಟುವ ಕಾಡು. ಕೆಳಗೊಂದು ಗೇಟು, ಹದಿನಾರು ಕಿಲೋಮೀಟರ್ ಏರು ಹತ್ತಿದರೆ ಮೇಲೊಂದು ಗೇಟು. ಸಂಜೆ ಆರಕ್ಕೆ ಎರಡೂ ಮುಚ್ಚುತ್ತವೆ. ಆರರ ಮೇಲೆ ಆ ರಸ್ತೆ ಆನೆಗಳದ್ದು. ಕೆಳಗಿನ ಗೇಟಿನಲ್ಲಿ ಇವರಿಗೆ ಚೀಟಿ ಕೊಟ್ಟಾಗ ಮೂರು ಗಂಟೆ.

ಅಕ್ಕಸಾಲಿಗ ಸರಾಗವಾಗಿ ಹತ್ತಿದ. ಮೊದಮೊದಲು ಪ್ರತಿ ತಿರುವಿನಲ್ಲೂ ನಿಂತು ಕಾಯುತ್ತಿದ್ದ. ಬಡಗಿ ಬರುವುದು ತಡವಾಗುತ್ತಾ ಹೋಯಿತು. ಇವನಿಗೆ ರೇಗತೊಡಗಿತು. ಆರು ತಿಂಗಳಿಂದ ಕೂತು ತಿಂದು ಮೈ ಬೆಳೆಸಿದ್ದಾನೆ ಎಂದುಕೊಂಡ. ಅರ್ಧ ದಾರಿಯಲ್ಲಿ ಬಡಗಿ ಏದುಸಿರು ಬಿಡುತ್ತಾ ಬಂದು, "ನೀನು ಹೋಗಿರು. ನಾನು ಬರ್ತಿದೀನಿ ಅಂತ ಗೇಟಲ್ಲಿ ಹೇಳು" ಎಂದ. ಅಕ್ಕಸಾಲಿಗ ಹೋದ. ತಿರುಗಿ ನೋಡಲಿಲ್ಲ.

ಅವನು ಮೇಲಿನ ಗೇಟು ಮುಟ್ಟಿದಾಗ ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅಲ್ಲಿದ್ದ ಅರಣ್ಯದ ವಾಚರ್ ವಯಸ್ಸಾದವನು. ಚೀಟಿ ನೋಡಿ, "ಇಬ್ಬರು ಅಂತ ಬರ್ದಿದೆ. ಇನ್ನೊಬ್ಬರು?" ಎಂದ.

"ಹಿಂದಿದಾನೆ. ಸಾಮಾನು ಜಾಸ್ತಿ ಹೇರ್ಕೊಂಡಿದಾನೆ, ಅದಕ್ಕೇ ನಿಧಾನ. ನಂದು ನೋಡಿ" ಎಂದು ಅಕ್ಕಸಾಲಿಗ ಕಾವಲಿ ತೆಗೆದು ಕೊಟ್ಟ.

ವಾಚರ್ ಅದನ್ನು ಮಗುಚಿ ನೋಡಿದ. "ಇದರ ಹಿಡಿ ಎಲ್ಲಿ?"

"ಹಿಡಿ ಯಾಕೆ, ಇಕ್ಕಳ ಇದೆಯಲ್ಲ."

"ಇಕ್ಕಳ ಎಲ್ಲಿ?"

ಅಕ್ಕಸಾಲಿಗ ಬಾಯಿ ತೆರೆದ. ಕೈ ತಾನಾಗಿ ಕಾಡಿನ ರಸ್ತೆಯ ಕಡೆಗೆ ಹೋಯಿತು. ವಾಚರ್ ಬಿಡಲಿಲ್ಲ. ಒಲೆ ಯಾವುದು, ಎಣ್ಣೆ ಎಲ್ಲಿಟ್ಟಿದ್ದೀರಿ ಎಂದು ಸುಮ್ಮನೆ ಕುತೂಹಲಕ್ಕೆ ಕೇಳಿದ. ಕೇಳಿದ್ದಕ್ಕೆಲ್ಲ ಉತ್ತರ ಆ ರಸ್ತೆಯಲ್ಲೇ ಇತ್ತು.

ಆರು ಹೊಡೆಯಿತು. ವಾಚರ್ ಗೇಟಿನ ಅಡ್ಡಕೋಲು ಇಳಿಸಿದ. ರಸ್ತೆ ಖಾಲಿಯಾಗಿತ್ತು. ಕೆಳಗೆಲ್ಲೋ ಬಿದಿರು ಮುರಿದ ಸದ್ದಾಯಿತು, ಸ್ವಲ್ಪ ತಡೆದು ಮತ್ತೊಮ್ಮೆ. ವಾಚರನ ಮುಖ ಬಿಗಿಯಿತು. ವೈರ್‌ಲೆಸ್‌ನಲ್ಲಿ ಕರೆದು ನೋಡಿದ. ಜೀಪು ಬೇರೆ ಕಡೆ ಹೋಗಿತ್ತು, ಬರಲು ಒಂದು ಗಂಟೆಯಾಗುತ್ತದೆ ಎಂದರು.

"ನಾನು ನೋಡ್ಕೊಂಡು ಬರ್ತೀನಿ. ನೀವು ಇಲ್ಲೇ ಇರಿ" ಎಂದು ವಾಚರ್ ಕೋಲು ತೆಗೆದುಕೊಂಡ.

"ನಾನೂ ಬರ್ತೀನಿ."

"ಹಂಗಾದ್ರೆ ಸದ್ದು ಮಾಡೋಕೆ ಏನಾದ್ರೂ ಹಿಡ್ಕೊಳ್ಳಿ."

ಅಕ್ಕಸಾಲಿಗನ ಹತ್ತಿರ ಇದ್ದದ್ದು ಅದೊಂದೇ. ದಾರಿಯಲ್ಲಿ ಒಂದು ದೊಣ್ಣೆ ಎತ್ತಿಕೊಂಡು, ಅಷ್ಟು ತೂಗಿ ತೂಗಿ ಆರಿಸಿ ತಂದ ಕಾವಲಿಯನ್ನು ಬಡಿಯುತ್ತಾ ಹೊರಟ. ಬಡಿತಕ್ಕೊಂದು ತಗ್ಗು ಬಿತ್ತು. ಅವನು ನೋಡಲೂ ಇಲ್ಲ. ಎರಡೂ ಕಡೆ ಬಿದಿರು, ಬೆಳಕು ಇಳಿಯುತ್ತಿತ್ತು. ಒಂದು ತಿರುವಿನಲ್ಲಿ ಹಸಿ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ವಾಚರ್ ಕೈಯೆತ್ತಿ ನಿಲ್ಲಿಸಿದ. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಬಲಗಡೆಯ ಪೊದೆಯಲ್ಲಿ ಏನೋ ದೊಡ್ಡದು ನಿಧಾನವಾಗಿ ದೂರ ಸರಿಯಿತು. ಗೆಳೆಯನಿಗೆ ಏನಾದರೂ ಆದರೆ ಅವನ ಹೆಂಡತಿಯ ಎದುರು ಹೇಗೆ ನಿಲ್ಲಲಿ ಎಂಬ ಒಂದೇ ಯೋಚನೆ ಅಕ್ಕಸಾಲಿಗನ ತಲೆಯಲ್ಲಿ ತಿರುಗುತ್ತಿತ್ತು.

ಅದರ ಮುಂದಿನ ತಿರುವಿನಲ್ಲಿ ಬಡಗಿ ಸಿಕ್ಕ. ಸೈಕಲ್ಲಿನ ಕ್ಯಾರಿಯರ್ ಭಾರಕ್ಕೆ ಮುರಿದಿತ್ತು. ಚೀಲವನ್ನು ಹೆಗಲ ಮೇಲೆ ಹೊತ್ತು, ಒಂದು ಕೈಯಲ್ಲಿ ಸೈಕಲ್ ತಳ್ಳಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಬರುತ್ತಿದ್ದ.

ಅಕ್ಕಸಾಲಿಗನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಆ ಚೀಲ ಎಸೆದು ಬರೋಕೆ ಏನಾಗಿತ್ತು ನಿಂಗೆ?" ಎಂದ.

"ಅದ್ರಲ್ಲಿರೋದು ನಿಂದೇ ಕಣೋ. ಎಸೆದಿದ್ರೆ ನೀನು ಏನು ತಿಂತಿದ್ದೆ?" ಎಂದ ಬಡಗಿ. ಅವನು ಅದನ್ನು ಚುಚ್ಚಿ ಹೇಳಲಿಲ್ಲ. ನಿಜವಾಗಿಯೂ ಕೇಳಿದ.

ಅಕ್ಕಸಾಲಿಗ ಚೀಲವನ್ನು ತನ್ನ ಹೆಗಲಿಗೆ ತೆಗೆದುಕೊಂಡ. ಗುಲಗಂಜಿಯ ತೂಕವನ್ನು ಕಣ್ಣು ಮುಚ್ಚಿ ಹೇಳುವ ಮನುಷ್ಯನ ಮಂಡಿ ಒಂದು ಗಳಿಗೆ ಕುಸಿಯಿತು. ಗೇಟು ಮುಟ್ಟುವಷ್ಟರಲ್ಲಿ ನಾಲ್ಕು ಸಲ ಹೆಗಲು ಬದಲಿಸಿದ. ಕೊಡು ಎಂದು ಬಡಗಿ ಕೇಳಿದರೂ ಕೊಡಲಿಲ್ಲ.

ಗೇಟಿನ ದೀಪದ ಕೆಳಗೆ ಕೂತಾಗ ಬಡಗಿ ಆ ಕಾವಲಿಯನ್ನು ಕೈಗೆ ತೆಗೆದುಕೊಂಡು ಅದರ ತಗ್ಗುಗಳನ್ನು ಸವರಿದ. "ಇರ್ಲಿ ಬಿಡು, ಬಡಿದು ಸರಿ ಮಾಡ್ಬಹುದು. ಹಿಡಿಯೂ ಇದೆ" ಎಂದು ಚೀಲದ ತಳಕ್ಕೆ ಕೈ ಹಾಕಿದ. ಟವೆಲ್ಲಿನಲ್ಲಿ ಸುತ್ತಿದ ಮರದ ಹಿಡಿ ಹೊರಬಂತು. ಅದರ ಎರಡು ಸ್ಕ್ರೂಗಳೂ ಜೊತೆಗಿದ್ದವು. ಅಂಗಡಿಯ ಕಸದ ಬುಟ್ಟಿಯಿಂದ ಅವನು ಅದನ್ನು ಹೆಕ್ಕಿಕೊಂಡಿದ್ದ. ಯಾವತ್ತಾದರೂ ಇವನ ಕೈ ಸುಟ್ಟೀತು ಎಂದು, ಏರೆಲ್ಲ ಹೊತ್ತು ತಂದಿದ್ದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ನಿಜಗುಣ ಮುಂದೇನೋ ಇದೆಯೆಂದು ಕಾದ. ಇರಲಿಲ್ಲ. "ಅಕ್ಕಸಾಲಿಗ ಸ್ವಲ್ಪ ದಪ್ಪ ಕಾವಲಿಯನ್ನೇ ಆರಿಸಬೇಕಾಗಿತ್ತು, ಬುದ್ಧಿ" ಎಂದ. ಒಂದು ಕ್ಷಣ ಬಿಟ್ಟು, "ನನ್ನ ದೀಕ್ಷೆಯ ವಿಚಾರ?" ಎಂದು ಮೆಲ್ಲಗೆ ಸೇರಿಸಿದ.

ಗುರುಗಳು ಅಡುಗೆಮನೆಯ ಬಾಗಿಲ ಕಡೆ ನೋಡಿ, "ನಿನ್ನ ಪಾಳಿಯ ರೊಟ್ಟಿಯನ್ನು ಇವತ್ತು ಯಾರು ತಟ್ಟುತ್ತಿದ್ದಾರೆ, ನಿಜಗುಣ?" ಎಂದು ಕೇಳಿದರು.

ನಿಜಗುಣ ಒಳಗಿನ ಸದ್ದಿನತ್ತ ತಿರುಗಿದ. ಅವನಿಗೆ ಗೊತ್ತಿರಲಿಲ್ಲ.