ಎಲ್ಲರಿಗೂ ಜ್ವರ

ತಂಗಿಯನ್ನು ಮಣ್ಣು ಮಾಡಿ, ಅವಳ ಎಳೆಯ ಮಕ್ಕಳನ್ನು ಭಾವನ ಕೈಗೊಪ್ಪಿಸಿ ಮಠಕ್ಕೆ ಮರಳಿದ ಕೆಂಚಯ್ಯ ಗುರುಗಳನ್ನು ಕೇಳಿದ: "ಬುದ್ಧೀ, ಸರ್ಕಾರದವನು ಬಂದು ಯಾವ ರೋಗದಿಂದ ಸತ್ತಳು ಅಂತ ಕೇಳಿದ. ವಾಂತಿಭೇದಿ ಅನ್ನಲು ನಾಲಿಗೆ ಏಳಲಿಲ್ಲ. ಜ್ವರ ಅಂದುಬಿಟ್ಟೆ. ಏನು ಬರೆದುಕೊಂಡರೇನು, ಹೋದವಳು ಬರುತ್ತಾಳೆಯೇ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಶಾನುಭೋಗನಿದ್ದ. ಬೆಣ್ಣೆಯಂಥ ಮನಸ್ಸು. ಯಾರ ಮನೆಯಲ್ಲಿ ಸಾವಾದರೂ ಮನೆಯವರಿಗಿಂತ ಮೊದಲು ಅವನೇ ಅಳುತ್ತಿದ್ದ. ಸತ್ತವರು ಯಾವ ಕಾಯಿಲೆಯಿಂದ ಸತ್ತರೆಂದು ಬರೆದು ಕಳಿಸಬೇಕೆಂದು ಅರಸನ ಅಪ್ಪಣೆಯಾಯಿತು. ಆ ಊರಿನಲ್ಲೋ, ಕೆಟ್ಟ ರೋಗದ ಹೆಸರೆತ್ತಿದರೆ ಅದು ಮನೆಬಾಗಿಲಿಗೇ ಬರುತ್ತದೆಂಬ ಭಯ. ಅತ್ತು ಸೋತವರನ್ನು ಕೆದಕಲು ಶಾನುಭೋಗನಿಗೆ ಮನಸ್ಸಾಗಲಿಲ್ಲ. ಎಲ್ಲರಿಗೂ ಜ್ವರ ಎಂದೇ ಬರೆದ. ತೆಂಗಿನ ಮರದಿಂದ ಬಿದ್ದವನಿಗೂ ಜ್ವರವೇ.

ಒಂದು ಬೇಸಿಗೆಯಲ್ಲಿ ಕುಂಬಾರರ ಕೇರಿಯ ಜನ ವಾಂತಿಭೇದಿಯಾಗಿ ಸಾಯತೊಡಗಿದರು. ಶಾನುಭೋಗ ಜ್ವರ ಎಂದು ಬರೆದ. ಅರಸನೂ ಕರುಣಾಳು, ಗಾಡಿ ತುಂಬ ಜ್ವರದ ಪುಡಿ ಕಳಿಸಿದ. ಜನ ಅದನ್ನು ಕೇರಿಯ ಬಾವಿಯ ನೀರಿನಲ್ಲೇ ಕದಡಿ, ಕಣ್ಣಿಗೊತ್ತಿಕೊಂಡು ಕುಡಿದರು. ಸಾವು ಇನ್ನೂ ಹೆಚ್ಚಿತು.

ಆ ಕೇರಿಯ ಮುದುಕನೊಬ್ಬ ಸತ್ತ. ಶಾನುಭೋಗ ಕಣ್ಣೊರೆಸಿಕೊಂಡು ಎಂದಿನಂತೆ ಬರೆಯಹೊರಟಾಗ ಸತ್ತವನ ಹೆಂಡತಿ ಅವನ ಕೈ ತಡೆದಳು.

"ಸ್ವಾಮೀ, ನಮ್ಮ ಯಜಮಾನರಿಗೆ ಜ್ವರ ಇರಲಿಲ್ಲ. ಆ ಬಾವಿ ನೀರು ಕುಡಿದರು, ವಾಂತಿಭೇದಿಯಾಗಿ ಹೋದರು. ಹಾಗೇ ಬರೀರಿ."

"ಬೇಡ ತಾಯಿ, ಅದರ ಹೆಸರೆತ್ತಬಾರದು."

"ಹೆಸರೆತ್ತದೆ ಇದ್ದರೂ ಬಂತಲ್ಲ! ಬದುಕಿದ್ದಾಗ ಒಂದು ಸುಳ್ಳೂ ಆಡಿದವರಲ್ಲ ಅವರು. ಸತ್ತ ಮೇಲೆ ಅವರ ಹೆಸರಲ್ಲಿ ಸುಳ್ಳು ಬೇಡ."

ಶಾನುಭೋಗ ಹಾಗೆಯೇ ಬರೆದ. ಈ ಸಲ ಪುಡಿ ಬರಲಿಲ್ಲ. ಅರಸನ ಆಳುಗಳು ಬಂದು ಹಳೆಯ ಬಾವಿ ಮುಚ್ಚಿ ಹೊಸದೊಂದನ್ನು ತೋಡಿದರು. ಕೇರಿ ಉಳಿಯಿತು. ಹೊಸ ನೀರು ಸೇದುವಾಗಲೆಲ್ಲ ಮುದುಕಿ, "ನಮ್ಮ ಯಜಮಾನರು ಕೊಟ್ಟುಹೋದ ನೀರು" ಎನ್ನುತ್ತಿದ್ದಳು.

ಕತೆ ಮುಗಿಯಿತು. ಕೆಂಚಯ್ಯನ ಕಣ್ಣು ತುಂಬಿತ್ತು. "ಪಾಪ, ಆ ಶಾನುಭೋಗ ಕೆಟ್ಟವನೇನಲ್ಲ ಬುದ್ಧೀ" ಎಂದ.

ಗುರುಗಳು ಅವನ ಬೆನ್ನು ಸವರಿ ಕೇಳಿದರು: "ನಿನ್ನ ತಂಗಿಯ ಮಕ್ಕಳು ಈಗ ಯಾವ ಬಾವಿಯ ನೀರು ಕುಡಿಯುತ್ತಿದ್ದಾರೆ, ಮಗು?"