ಬೆಳ್ಳಿಚುಕ್ಕೆ ಚಿಟ್ಟೆಯ ಅನ್ನ

"ಕೇಳಿರಯ್ಯಾ ಕೇಳಿ! ಕುಮಾರಿ ಹೊನ್ನಾಂಬೆಯ ಮೂರು ಒಗಟು ಒಡೆದವನಿಗೆ ಅರಸರು ಮಗಳನ್ನು ಕೊಟ್ಟು ಅರ್ಧ ರಾಜ್ಯ ಧಾರೆಯೆರೆಯುತ್ತಾರೆ! ತಪ್ಪಿದವನ ತಲೆ ಹುಣ್ಣಿಮೆಗೆ ಉರುಳುತ್ತದೆ!"

ಡಂಗುರ ಕೇಳಿದ್ದೇ ತಡ, ಅರಮನೆಯ ಹಿಂದಿನ ಗುಡ್ಡದಲ್ಲಿ ಅರಸನ ಕುದುರೆಗಳಿಗೆ ಹುಲ್ಲು ಕೊಯ್ಯುವ ಮಾರ ಕುಡುಗೋಲು ಬಿಸಾಕಿ ಸಭೆಗೆ ಓಡಿದ. "ಹಾರಿದರೆ ಹುಲಿಬಣ್ಣ, ಕೂತರೆ ಬೆಳ್ಳಿ. ಯಾರದು?" ಎಂದಳು ಕುಮಾರಿ. ಅವನಿಗಿಂತ ಮುಂಚೆ ಒಬ್ಬ ರಾಜಕುಮಾರ ಬೆಂಕಿ ಅಂದಿದ್ದ, ಇನ್ನೊಬ್ಬ ಮಿಂಚು ಅಂದಿದ್ದ. ಅರಮನೆಯ ಒಗಟಿಗೆ ಅರಮನೆಯದೇ ಉತ್ತರ ಇರಬೇಕೆಂದು ನಮ್ಮ ಪುಣ್ಯಾತ್ಮ "ಅರಸರ ಬಾವುಟ" ಅಂದುಬಿಟ್ಟ. ಮೂವರೂ ಸೆರೆಮನೆ ಸೇರಿದರು.

ಹುಣ್ಣಿಮೆಯ ಬೆಳಿಗ್ಗೆ ಮಾರನ ಜೊತೆ ಹುಲ್ಲು ಕೊಯ್ಯುವ ತಮ್ಮ ಚೌಡ ಸಭೆಗೆ ಬಂದ. ಅವನಿಗೆ ರಾಜ್ಯ ಯಾಕೆ? ಗೆದ್ದು ಅಣ್ಣನ ಜೀವ ಕೇಳಿಕೊಳ್ಳಬೇಕೆಂದು ಬಂದಿದ್ದ. ಕುಮಾರಿ ಅದೇ ಮೊದಲ ಒಗಟು ಹಾಕಿದಳು.

"ಅದು ಗುಡ್ಡದ ಚಿಟ್ಟೆ, ತಾಯಿ. ಹಾರುವಾಗ ರೆಕ್ಕೆಯ ಮೇಲಿನ ಬಣ್ಣ ಕಾಣುತ್ತೆ. ಕೂತು ಮಡಚಿದರೆ ಅಡಿಯ ಬೆಳ್ಳಿಚುಕ್ಕೆ."

ಹೊನ್ನಾಂಬೆ ಮುಖ ಎತ್ತಿದಳು. "ಗಂಡ ತನ್ನ ಬಟ್ಟೆಯಲ್ಲೇ ಇರುತ್ತಾನೆ. ಹೆಂಡತಿ ನೆರೆಯವಳ ಸೀರೆ ಉಟ್ಟು ತಿರುಗುತ್ತಾಳೆ. ಯಾಕೆ?"

"ಜೀವದಾಸೆಗೆ. ಅದು ಬೆಳ್ಳಿಚುಕ್ಕೆ ಕುಲದ್ದೇ ಇನ್ನೊಂದು ಬಗೆ. ಅದರ ಹೆಣ್ಣು ಎಕ್ಕದ ಗಿಡದ ಚಿಟ್ಟೆಯ ಬಣ್ಣ ತೊಡುತ್ತೆ. ಎಕ್ಕದ ಚಿಟ್ಟೆ ವಿಷ, ಹಕ್ಕಿ ಮುಟ್ಟಲ್ಲ."

"ಕೂಸು ಹುಟ್ಟಿದ್ದೇ ಏನೂ ಉಣ್ಣದೆ ಚಳಿಗಾಲವೆಲ್ಲ ಮಲಗುತ್ತೆ. ಎದ್ದಮೇಲೆ ಅದಕ್ಕಿರುವುದು ಒಂದೇ ಅನ್ನ. ಆ ಅನ್ನ ಯಾವುದು, ಎಲ್ಲಿದೆ?"

ಚೌಡನಿಗೆ ಉತ್ತರ ಗೊತ್ತಿತ್ತು, ಆದರೆ ಹೇಳಿದರೆ ತಪ್ಪು ಅರಸನ ತಲೆಗೇ ಬರುತ್ತಿತ್ತು. ಅಣ್ಣನನ್ನು ನೆನೆದು ಬಾಯಿಬಿಟ್ಟ.

"ಅದೂ ಅದೇ ಕುಲದ ಮೂರನೇ ಬಗೆಯ ಮರಿಹುಳು. ಮೂರು ಬಗೆಯ ಮರಿಗಳಿಗೂ ನೆಲಕ್ಕಂಟಿ ಬೆಳೆಯುವ ಸಣ್ಣ ನೀಲಿ ಹೂವಿನ ಗಿಡದ ಎಲೆಯೇ ಅನ್ನ. ನಮ್ಮ ಹಿರಿಯರು ಆ ಗಿಡದ ಸುತ್ತ ಗೇಣು ಬಿಟ್ಟು ಹುಲ್ಲು ಕೊಯ್ಯುತ್ತಿದ್ದರು. ಎರಡು ವರ್ಷದ ಹಿಂದೆ ಬುಡಮಟ್ಟ ಕೊಯ್ಯಿರಿ ಅಂತ ತಮ್ಮ ಅಪ್ಪಣೆಯಾಯಿತು, ಮಹಾಪ್ರಭು. ಕೊಯ್ದದ್ದು ನಾವೇ. ಈಗ ಬಂಡೆಸಂದಿಯಲ್ಲಿ ನಾಲ್ಕು ಗಿಡ ಉಳಿದಿವೆ, ಅಷ್ಟೇ."

ಅರಸನ ಕೈ ಖಡ್ಗಕ್ಕೆ ಹೋಯಿತು. ಹೊನ್ನಾಂಬೆ ನಡುವೆ ಬಂದು ನಿಂತಳು.

"ಉತ್ತರ ಸರಿ, ಅಪ್ಪಾ. ಚಿಟ್ಟೆಗಳೆಲ್ಲಿ ಹೋದವು ಅಂತ ನಾನು ಕೇಳಿದಾಗಲೆಲ್ಲ ನಕ್ಕಿರಿ. ಅದಕ್ಕೇ ಒಗಟು ಕಟ್ಟಿದೆ. ತಲೆ ಕಡಿಯುವ ಶರತ್ತು ಮಾತ್ರ ನಿಮ್ಮದು."

ಅರಸ ಕೊನೆಗೆ ಕೈ ಇಳಿಸಿ, "ಗೆದ್ದೆಯಪ್ಪ. ಏನು ಬೇಕೋ ಕೇಳು" ಅಂದ.

"ಅರ್ಧ ರಾಜ್ಯ ಬೇಡ, ಆ ಗುಡ್ಡ ಕೊಡಿ. ಸೆರೆಯಲ್ಲಿರುವ ಮೂವರನ್ನೂ ಬಿಡಿ."

"ಮತ್ತೆ ಮಗಳು?"

"ಅದು ಅವರಿಷ್ಟ, ಮಹಾಪ್ರಭು."

"ಗುಡ್ಡದಲ್ಲಿ ಹೂ ಬಿಡಲಿ, ಆಮೇಲೆ ಬಂದು ಕೇಳಲಿ" ಎಂದು ಹೊನ್ನಾಂಬೆ ನಕ್ಕಳು.

ಸೆರೆಮನೆಯ ಬಾಗಿಲು ತೆರೆಯಿತು. ಮಾರ ತಡವರಿಸುತ್ತ ಬಿಸಿಲಿಗೆ ಬಂದ. ಸಭೆಯಲ್ಲಿ ಅಲುಗದೆ ನಿಂತಿದ್ದ ಚೌಡ, ಅಣ್ಣನ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತ.