ಪಾಲಿಶ್ ಮಿಷಿನ್ನಿನ ನಿರ್ಮಾಲ್ಯ

ದಾವಣಗೆರೆಯ ಕಾರ್ ಪಾಲಿಶ್ ಅಂಗಡಿಯಲ್ಲಿ ತಿಪ್ಪೇಶಿಯ ಕೈಯಲ್ಲಿದ್ದ ಮಿಷಿನ್ ಮತ್ತೆ ಗಕ್ಕನೆ ನಿಂತಿತು. ಎದುರಿಗೆ ಮದುಮಗನ ಕಪ್ಪು ಕಾರು, ಅರ್ಧ ಫಳಫಳ, ಅರ್ಧ ಮಂಕು. ದಿಬ್ಬಣದವರು ಬಾಗಿಲಲ್ಲೇ ಕೂಗಾಡುತ್ತಿದ್ದರು.

"ಆಯುಧಪೂಜೆ ದಿನ ಈ ಮಿಷಿನ್ನಿಗೆ ನಾನೇ ಕೈಯಾರೆ ಪೂಜೆ ಮಾಡೀನಿ," ಮಾಲೀಕ ರುದ್ರಮುನಿಯಪ್ಪ ಗುಡುಗಿದರು. "ನಿಲ್ತೈತೆ ಅಂದ್ರೆ ದೋಷ ನಿನ್ನ ಕೈಯಲ್ಲೇ ಐತೆ. ಇನ್ನೊಂದ್ಸಲ ನಿಂತ್ರೆ ಮನೆಗೆ ನಡಿ!"

ತಿಪ್ಪೇಶಿ ಮಿಷಿನ್ ತಿರುಗಿಸಿ ನೋಡಿದ. ಮೈ ಕಾದು ಕೈ ಸುಡುತ್ತಿತ್ತು. ಗಾಳಿಯಾಡುವ ಕಿಂಡಿಗಳ ತುಂಬ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು. ಉಸಿರುಕಟ್ಟಿದ ಮಿಷಿನ್ ನಿಲ್ಲದೆ ಇನ್ನೇನು ಮಾಡೀತು? ಆದರೆ ಸಾವ್ಕಾರರ ಪೂಜೆಯೇ ತಪ್ಪು ಅಂದರೆ, ಅಂದ ಬಾಯಿಗೆ ನಾಳೆ ಅನ್ನವಿಲ್ಲ.

ಅವನು ಪ್ಲಗ್ ಕಿತ್ತು, ಮಿಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿ ನಿಂತ.

"ಸಾವ್ಕಾರ್ರೆ, ನಿರ್ಮಾಲ್ಯ ಇನ್ನೂ ಹಂಗೇ ಐತೆ. ಪೂಜೆ ಮಾಡಿದ ಕೈಯೇ ಅಲ್ವಾ ತೆಗೀಬೇಕು? ನಾನು ಮುಟ್ಟಿದ್ರೆ ಪಾಪ."

ರುದ್ರಮುನಿಯಪ್ಪನವರ ಮುಖ ಬಿಳುಚಿತು. ಚಪ್ಪಲಿ ಬಿಟ್ಟರು. ಬ್ರಶ್ ಹಿಡಿದು ಒಂದೊಂದೇ ಕಿಂಡಿ ಕೆದಕಿದರು, ಬಾಯಿಂದ ಊದಿದರು. ಮೀಸೆಯೆಲ್ಲ ಕುಂಕುಮವಾಯಿತು.

ಮಿಷಿನ್ ತಣ್ಣಗಾದ ಮೇಲೆ ತಿಪ್ಪೇಶಿ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಗುಂಯ್ ಎಂದು ಶುರುವಾದದ್ದು ಕಾರು ಕನ್ನಡಿಯಾಗುವ ತನಕ ನಿಲ್ಲಲಿಲ್ಲ.

"ನೋಡಿದ್ಯಾ? ಶಾಸ್ತ್ರ ಅಂದ್ರೆ ಶಾಸ್ತ್ರ!" ಸಾವ್ಕಾರರು ಎದೆಯುಬ್ಬಿಸಿದರು.

"ಹೌದು ಸಾವ್ಕಾರ್ರೆ. ಪಾಲಿಶ್ ಪುಡಿನೂ ದಿನಾ ಕಿಂಡಿಗೆ ಬೀಳ್ತೈತೆ. ಅದೂ ನಿರ್ಮಾಲ್ಯನೇ ಅಲ್ವಾ?"

ಅಂದಿನಿಂದ ಆ ಅಂಗಡಿಯಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಚಪ್ಪಲಿ ಬಿಟ್ಟು, ಮಿಷಿನ್ ಒರೆಸುವವರು ಮಾಲೀಕರೇ.